ಮುಂದೆ ಕಾಲು, ಹಿಂದೆ ಅರ್ಧ

ಅಚ್ಚುಕೂಟದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ ಮನುಷ್ಯನಿಗೆ ಜನ ಒತ್ತಕ್ಷರ ಎಂದು ಅಡ್ಡಹೆಸರು ಇಟ್ಟಿದ್ದರೆ ಅದರಲ್ಲಿ ಜನರ ತಪ್ಪೇನೂ ಇಲ್ಲ. ದರ್ಜಿ ಅಂಗಡಿಯ ಫಲಕದಲ್ಲಿ 'ಬಟೆ ಹೊಲಿಯಲಾಗುವುದು' ಎಂದಿದ್ದುದನ್ನು ಕಂಡು, ಅಂಗಡಿ ತೆರೆಯುವ ಮೊದಲೇ ಹೋಗಿ ಸೀಮೆಸುಣ್ಣದಲ್ಲಿ ಒತ್ತು ಕೊಟ್ಟು ಬಂದವರು ಅವರು. ಸೋದರಮಾವ ತೀರಿಕೊಂಡಾಗ ಬಂದ ಸಂತಾಪದ ಪತ್ರದಲ್ಲಿ ಎರಡು ದೀರ್ಘ, ಒಂದು ಅರ್ಧವಿರಾಮ ಸರಿಮಾಡಿ ಬರೆದವರಿಗೇ ವಾಪಸು ಕಳಿಸಿದವರೂ ಅವರೇ. ಆ ಸಂಬಂಧಿಕರು ಆಮೇಲೆ ಯಾರು ಸತ್ತರೂ ಬರೆಯಲಿಲ್ಲ. ಒತ್ತಕ್ಷರ ಅದನ್ನು ಗಮನಿಸಲೂ ಇಲ್ಲ.

ಹೋದ ವರ್ಷ ಅವರ ಮೇಜಿಗೆ ಕೃಷಿ ಇಲಾಖೆಯ ಪುಸ್ತಕವೊಂದು ಬಂದಿತ್ತು. 'ಹಳೆಯ ಕೊಯ್ಲು ಯಂತ್ರಗಳ ಒಕ್ಕುವ ಭಾಗಗಳು: ಬಳಕೆ ಮತ್ತು ಆರೈಕೆ.' ಅರವತ್ತನಾಲ್ಕು ಪುಟ. ಒತ್ತಕ್ಷರ ಅದನ್ನು ನಾಲ್ಕು ಸಲ ಓದಿ ತಿದ್ದಿದರು. ಹಾಗಾಗಿ ಯಂತ್ರದ ಹೊಟ್ಟೆಯಲ್ಲಿ ಗಿರಗಿರ ತಿರುಗುವ ಡ್ರಮ್ ಇದೆ, ಅದರ ಮೈಮೇಲೆ ಎಂಟು ಗೀರುಪಟ್ಟಿಗಳಿವೆ, ಅದರಡಿ ತೊಟ್ಟಿಲಿನಂತೆ ಬಾಗಿದ ಕಬ್ಬಿಣದ ಜಾಲರಿ ಇದೆ, ಪೈರು ಇವೆರಡರ ಸಂದಿಯಲ್ಲಿ ಉಜ್ಜಿಕೊಂಡು ಹೋಗುವಾಗ ಕಾಳು ಉದುರಿ ಜಾಲರಿಯಿಂದ ಕೆಳಗಿಳಿಯುತ್ತದೆ, ಹುಲ್ಲು ಹಿಂದಕ್ಕೆ ಸಾಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಯಂತ್ರವನ್ನು ಮಾತ್ರ ಜನ್ಮದಲ್ಲಿ ನೋಡಿರಲಿಲ್ಲ. ನೋಡುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಹೆಂಡತಿಯ ಅಣ್ಣ ಬಂದರು. ಊರಿಂದ ಒಂದು ಗಂಟೆ ದೂರದಲ್ಲಿ ಮೂವತ್ತು ಎಕರೆ ಗೋಧಿ ಬೆಳೆಯುವ ಈ ಭಾವನಿಗೆ ತಂಗಿಯ ಗಂಡನ ಬಗ್ಗೆ ಮದುವೆಯಾದ ದಿನದಿಂದ ಒಂದೇ ಅಭಿಪ್ರಾಯ: ಒಳ್ಳೆಯವರು, ಆದರೆ ಯಾವ ಕೆಲಸಕ್ಕೂ ಬಾರದವರು. ಆ ದಿನ ಅವರಿಗೆ ಊಟವೇ ಸೇರುತ್ತಿರಲಿಲ್ಲ.

"ಗೋಧಿ ಒಣಗಿ ನಿಂತಿದೆ. ಬುಧವಾರದಿಂದ ಮಳೆ ಅಂತಿದಾರೆ," ಎಂದರು. "ಬಾಡಿಗೆ ಯಂತ್ರ ಬಂದು ಎರಡು ದಿನ ಆಯ್ತು. ಒಂದು ಕಡೆ ಕಾಳು ಒಡೆದು ನುಚ್ಚಾಗ್ತಿದೆ, ಇನ್ನೊಂದು ಕಡೆ ಕಾಳೇ ಬಿಡದೆ ತೆನೆ ಇಡಿಯಾಗಿ ಹಿಂದೆ ಬೀಳ್ತಿದೆ. ಎರಡೂ ಒಟ್ಟಿಗೆ ಆಗೋದನ್ನ ನಾನು ಎಲ್ಲೂ ನೋಡಿಲ್ಲ."

"ಯಾವ ಯಂತ್ರ? ಹಳೇದಾ?" ಎಂದು ಕೇಳಿದರು ಒತ್ತಕ್ಷರ.

"ನನಗಿಂತ ಹಳೇದು. ಎಂಟು ಪಟ್ಟಿ ಡ್ರಮ್ಮಿಂದು."

"ಓ, ಅದಾ," ಎಂದು ಒತ್ತಕ್ಷರ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ಅದನ್ನ ನಾನು ನಾಲ್ಕು ಸಲ ತಿದ್ದಿದೀನಿ."

ಭಾವ ನೀರಿನ ಲೋಟ ಕೆಳಗಿಟ್ಟರು. "ನಾಲ್ಕು ಸಲಾನಾ?"

"ಮೊದಲಿಂದ ಕೊನೆವರೆಗೆ. ಡ್ರಮ್ಮಿನ ಭಾಗದಲ್ಲೇ ತಪ್ಪು ಜಾಸ್ತಿ. ಜಾಲರಿ ಅಂತೂ ಪೂರ್ತಿ ಕೆಟ್ಟುಹೋಗಿತ್ತು, ಕೂತು ಒಂದೊಂದೇ ಸರಿಮಾಡಿದೆ."

"ನೀವೇ? ಕೈಯಾರೆ?"

"ಮತ್ತಿನ್ಯಾರು? ಕೊನೇ ಸಲ ಕಣ್ಣುರಿ ತಡೀಲಾರದೆ ಎರಡು ದಿನ ರಜಾ ಹಾಕಿದ್ದೆ. ಕೇಳಿ ಇವಳನ್ನ."

ಭಾವ ತಂಗಿಯ ಮುಖ ನೋಡಿದರು. ಅವಳು ಒಂದು ಮಾತಿನಲ್ಲಿ ವಿಷಯ ತಿಳಿಯಾಗಿಸಬಹುದಿತ್ತು. ಆದರೆ ಅಣ್ಣ ತನ್ನ ಗಂಡನನ್ನು ಇಷ್ಟು ಕಣ್ಣರಳಿಸಿ ನೋಡುವುದನ್ನು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ ಕಾಣುತ್ತಿದ್ದಳು. "ಹೌದು, ಕಣ್ಣಿಗೆ ಔಷಧಿ ಬಿಟ್ಟಿದ್ದು ನಾನೇ," ಎಂದಷ್ಟೇ ಹೇಳಿ ಅಣ್ಣನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ," ಎಂದರು ಭಾವ ಮೆತ್ತಗೆ.

"ಕೆಲಸದ ವಿಷಯ ನಾನು ಮನೇಲಿ ಮಾತಾಡಲ್ಲ," ಎಂದರು ಒತ್ತಕ್ಷರ. ಅದು ಶುದ್ಧ ಸುಳ್ಳು. ಮನೆಯಲ್ಲಿ ಅವರು ಬೇರೇನನ್ನೂ ಮಾತಾಡುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಗಾಡಿ ಕಳಿಸುತ್ತೇನೆ, ಬಂದು ಯಂತ್ರ ನೋಡಲೇಬೇಕು ಎಂದು ಭಾವ ಕೈ ಹಿಡಿದುಕೊಂಡಾಗ ಒತ್ತಕ್ಷರ ಒಪ್ಪಿಬಿಟ್ಟರು. ಪುಸ್ತಕದಲ್ಲಿ ಎಲ್ಲವೂ ಇದೆ, ಪುಸ್ತಕ ಅವರ ತಲೆಯಲ್ಲಿದೆ. ಹೋಗಿ ಓದಿ ಹೇಳಿದರಾಯಿತು. ಅಳುಕುವಂಥದ್ದು ಏನೂ ಅವರಿಗೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ಬರುವ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಸುದ್ದಿ ಮುಟ್ಟಿಸಿದ ಹೆಂಡತಿ ಏನೂ ಅರಿಯದವಳಂತೆ ಗಂಡನ ಚೀಲಕ್ಕೆ ಪುಸ್ತಕ, ಕೆಂಪು ಪೆನ್ನು, ಕಣ್ಣಿನ ಔಷಧಿ ತುಂಬುತ್ತಿದ್ದಳು. ಎದುರುಮನೆ ಅಜ್ಜಿ ಹೊಲಿಗೆ ಯಂತ್ರ ಹೊತ್ತು ತಂದು ಮೆಟ್ಟಿಲ ಮೇಲಿಟ್ಟರು.

"ದಾರ ಕಿತ್ತುಹೋಗ್ತಿದೆ ಕಣಪ್ಪ. ಅಷ್ಟು ದೊಡ್ಡ ಯಂತ್ರ ತಿದ್ದೋನು ನೀನು, ಇದೇನು ಮಹಾ."

ಒತ್ತಕ್ಷರ ಯಂತ್ರದ ಸುತ್ತ ಒಂದು ಸುತ್ತು ಬಂದರು. ಅದರ ಮೈಮೇಲೆ ಚಿನ್ನದ ಬಣ್ಣದಲ್ಲಿ ಬರೆದಿದ್ದ ತಯಾರಕರ ಹೆಸರನ್ನು ಓದಿದರು. "ಮೂರನೇ ಅಕ್ಷರಕ್ಕೆ ದೀರ್ಘ ಬೇಕಿತ್ತು," ಎಂದು ಗಂಭೀರವಾಗಿ ಹೇಳಿ ಗಾಡಿ ಹತ್ತಿದರು. ಅಜ್ಜಿ ಆ ಮಾತನ್ನೇ ಹಿಡಿದು ದಾರವನ್ನು ಇನ್ನಷ್ಟು ದೀರ್ಘವಾಗಿ ಬಿಟ್ಟು ಹೊಲಿದರಂತೆ. ದಾರ ಕೀಳುವುದು ನಿಂತಿತು. ಇಂಥ ಗೆಲುವುಗಳೇ ಮನುಷ್ಯನನ್ನು ಹಾಳುಮಾಡುವುದು.

ಹೊಲದ ಬದುವಿನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಅಕ್ಕಪಕ್ಕದ ಹೊಲದವರು, ಅವರ ಗೋಧಿಗೂ ಇದೇ ಯಂತ್ರ ಬರಬೇಕಿತ್ತು. ಎರಡು ದಿನದಲ್ಲಿ ಅವರು ಎರಡು ಪಂಗಡವಾಗಿದ್ದರು. ಒಡೆದ ಕಾಳು ನೋಡಿದವರು ಡ್ರಮ್ಮನ್ನು ನಿಧಾನ ಮಾಡಿ ಎನ್ನುತ್ತಿದ್ದರು. ಹಿಂದೆ ಬಿದ್ದ ತೆನೆ ನೋಡಿದವರು ಜೋರು ಮಾಡಿ ಎನ್ನುತ್ತಿದ್ದರು. ನಿಧಾನದವರು ಎಡಬದುವಿನಲ್ಲಿ, ಜೋರಿನವರು ಬಲಬದುವಿನಲ್ಲಿ ನಿಂತು, ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನಡುವೆ ಯಂತ್ರ ನಿಂತಿತ್ತು. ಮನೆಯಷ್ಟು ಎತ್ತರ, ಬಣ್ಣ ಹೋದ ತಗಡು, ಎಲ್ಲೆಂದರಲ್ಲಿ ಪಟ್ಟೆ, ಸರಪಳಿ, ಗಾಲಿ. ಒತ್ತಕ್ಷರ ಅದನ್ನು ನೋಡಿ ಒಂದು ಕ್ಷಣ ನಿಂತರು. ಪುಸ್ತಕದಲ್ಲಿ ಅದು ಅಂಗೈಯಗಲದ ಚಿತ್ರವಾಗಿತ್ತು.

ಯಂತ್ರದ ಏಣಿಯ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತು ಮೊಣಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಡ್ರೈವರಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಆ ಯಂತ್ರ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಈ ಸುಗ್ಗಿಯಿಂದ ಅದರ ಚುಕ್ಕಾಣಿ ಹಿಡಿದವರು.

"ಬಂದ್ರಾ," ಎಂದರು ಅವರು. ಅದರಲ್ಲಿ ಸ್ವಾಗತವೂ ಇರಲಿಲ್ಲ, ಅನುಮಾನವೂ ಇರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಭಾವ ಇಲಾಖೆಗೂ ಫೋನು ಮಾಡಿ ದೊಡ್ಡ ತಜ್ಞರು ಬರುತ್ತಿದ್ದಾರೆಂದು ತಿಳಿಸಿದ್ದರು. ಇಳಿದವರು ಕೃಷಿ ಅಧಿಕಾರಿಗಳು, ಅಂದರೆ ಆ ಪುಸ್ತಕವನ್ನು ಅನುವಾದ ಮಾಡಿದವರು. ಹೊಳೆಯುವ ಬೂಟು ಹಾಕಿಕೊಂಡಿದ್ದ ಅವರು ಹೊಲದ ಮಣ್ಣನ್ನು ಆದಷ್ಟು ತುಳಿಯದೆ ನಡೆದು ಬಂದು ಕೈ ಕುಲುಕಿದರು. ಅಧಿಕಾರಿಯೂ ಒತ್ತಕ್ಷರವೂ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ. ಅವರಿಬ್ಬರ ನಡುವೆ ಕಾಗದವಷ್ಟೇ ಓಡಾಡಿತ್ತು.

"ಶುರು ಮಾಡಿ," ಎಂದರು ಅಧಿಕಾರಿ. "ನಾವೂ ಕಲೀತೀವಿ."

ಡ್ರೈವರಮ್ಮ ಯಂತ್ರದ ಪಕ್ಕದ ತಗಡು ಬಿಚ್ಚಿ ಬದಿಗಿಟ್ಟರು. ಒತ್ತಕ್ಷರ ಗಂಟಲು ಸರಿಮಾಡಿಕೊಂಡು ಒಳಗೆ ಬೆರಳು ತೋರಿಸಿದರು.

"ಇದು ಒಕ್ಕುವ ಡ್ರಮ್. ಇದು ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗುತ್ತದೆ. ಇದರ ಮೇಲಿನ ಗೀರುಪಟ್ಟಿಗಳು ತೆನೆಯನ್ನು ಬಡಿಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತವೆ—"

ಡ್ರೈವರಮ್ಮ ಮಾತಾಡದೆ ಅವರ ಮಣಿಕಟ್ಟು ಹಿಡಿದು ಬೆರಳನ್ನು ಎರಡು ಅಡಿ ಎಡಕ್ಕೆ ಸರಿಸಿದರು. ಅಲ್ಲಿಯವರೆಗೆ ಒತ್ತಕ್ಷರ ತೋರಿಸುತ್ತಿದ್ದುದು ಹೊಟ್ಟು ತೂರುವ ಫ್ಯಾನನ್ನು.

"ಮುಂದೆ ಹೇಳಿ," ಎಂದರು ಡ್ರೈವರಮ್ಮ.

ಒತ್ತಕ್ಷರ ಎಳ್ಳಷ್ಟೂ ಎಡವದೆ ಮುಂದುವರಿಸಿದರು. ಜಾಲರಿ ಅಂದರೇನು, ಹುಲ್ಲು ಹಿಂದಕ್ಕೆ ಹೇಗೆ ಸಾಗುತ್ತದೆ, ಜರಡಿ ಯಾಕೆ ಅಲುಗುತ್ತದೆ, ಪುಟ ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಒಂದು ಅಲ್ಪವಿರಾಮ ಬಿಡದೆ ಒಪ್ಪಿಸಿದರು. ಅವರ ಬೆರಳು ನಾಲ್ಕು ಸಲ ಜಾಗ ಬದಲಿಸಬೇಕಾಯಿತು; ನಾಲ್ಕು ಸಲವೂ ಡ್ರೈವರಮ್ಮ ಅದನ್ನು ಸದ್ದಿಲ್ಲದೆ ಸರಿಯಾದ ಜಾಗಕ್ಕೆ ಒಯ್ದಿಟ್ಟರು. ಬದುವಿನ ಮೇಲಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಅವರಿಗೆ ಮಾತು ಮಾತ್ರ ಕೇಳುತ್ತಿತ್ತು, ಮಾತು ಅದ್ಭುತವಾಗಿತ್ತು. ನಿಧಾನದವರೂ ಜೋರಿನವರೂ ಆ ದಿನ ಮೊದಲ ಸಲ ಒಟ್ಟಿಗೆ ತಲೆಯಾಡಿಸಿದರು.

"ಎಲ್ಲ ಸರಿ," ಎಂದರು ಡ್ರೈವರಮ್ಮ. "ಇದನ್ನೆಲ್ಲ ನಾನೂ ಓದಿದೀನಿ. ನಮ್ಮನೆಯವರು ಸಂದಿಯನ್ನ ಹೆಬ್ಬೆರಳು ಇಟ್ಟು ಅಳೀತಿದ್ರು. ನನ್ನ ಹೆಬ್ಬೆರಳು ಬೇರೆ ಅಳತೆ. ಅದಕ್ಕೇ ಪುಸ್ತಕ ತಂದು, ಅದರಲ್ಲಿರೋ ಹಾಗೇ ಕೂಡಿಸಿದೆ. ಇಪ್ಪತ್ಮೂರನೇ ಪುಟ. ಡ್ರಮ್ಮಿಗೂ ಜಾಲರಿಗೂ ನಡುವೆ ಮುಂದೆ ಕಾಲು ಅಂಗುಲ, ಹಿಂದೆ ಅರ್ಧ ಅಂಗುಲ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಆದರೂ ಹಿಂಗ್ಯಾಕೆ?"

ಒತ್ತಕ್ಷರ ಪುಸ್ತಕ ತೆರೆದರು. ಇಪ್ಪತ್ಮೂರನೇ ಪುಟ, ಮೇಲಿನಿಂದ ಆರನೇ ಸಾಲು. ಮುಂದೆ ಕಾಲು, ಹಿಂದೆ ಅರ್ಧ. ಅಚ್ಚು ಸೊಗಸಾಗಿತ್ತು.

"ನನಗೆ ಮೊದಲಿಂದ ಒಂದು ಅನುಮಾನ," ಎನ್ನುತ್ತ ಡ್ರೈವರಮ್ಮ ಪಕ್ಕದ ಪೈರಿನಿಂದ ನಾಲ್ಕು ತೆನೆ ಕಿತ್ತು ಒತ್ತಕ್ಷರದ ಅಂಗೈಗಿಟ್ಟರು. "ಉಜ್ಜಿ ನೋಡಿ."

ಒತ್ತಕ್ಷರ ಎರಡೂ ಕೈ ಬಿಗಿಹಿಡಿದು ಉಜ್ಜಿದರು. ತೆನೆ ಮುದ್ದೆಯಾಗಿ ಸಿಕ್ಕಿಕೊಂಡಿತು, ಅಂಗೈ ಉರಿಯಿತು.

"ಹಂಗಲ್ಲ. ಮೊದಲು ಸಡಿಲ. ತೆನೆ ದಪ್ಪ ಇರತ್ತಲ್ಲ, ಜಾಗ ಬೇಕು. ಅರ್ಧ ಕಾಳು ಉದುರಿ ತೆಳ್ಳಗಾದ ಮೇಲೆ ಬಿಗಿ. ಹಾಂ, ಈಗ ನೋಡಿ."

ಅಂಗೈಯಲ್ಲಿ ಗೋಧಿ ಮುತ್ತಿನ ಹಾಗೆ ಬಿಡಿಬಿಡಿಯಾಗಿ ಬಿತ್ತು. ಒಂದೂ ಒಡೆದಿರಲಿಲ್ಲ.

"ನಮ್ಮ ಕೈ ಹೇಳೋದು ಮುಂದೆ ಅಗಲ, ಹಿಂದೆ ಇರುಕು ಅಂತ," ಎಂದರು ಡ್ರೈವರಮ್ಮ. "ಪುಸ್ತಕ ಹೇಳೋದು ಉಲ್ಟಾ. ಆದರೆ ಅಚ್ಚಾದ ಪುಸ್ತಕದ ಮುಂದೆ ನನ್ನ ಅಂಗೈ ಎಷ್ಟರದು, ಅಂತ ಸುಮ್ಮನಾದೆ."

ಒತ್ತಕ್ಷರಕ್ಕೆ ಆಗ ಎಲ್ಲ ನೆನಪಾಯಿತು. ಹಸ್ತಪ್ರತಿಯಲ್ಲಿ ಆ ಸಾಲು 'ಮುಂದೆ ಅರ್ಧ, ಹಿಂದೆ ಕಾಲು' ಎಂದೇ ಇತ್ತು. ಮೂರನೇ ಕರಡಿನಲ್ಲಿ ಅದು ಅವರ ಕಣ್ಣಿಗೆ ಚುಚ್ಚಿತ್ತು. ಲೋಕದಲ್ಲಿ ಎಲ್ಲರೂ ಎಣಿಸುವುದು ಕಾಲು, ಅರ್ಧ, ಮುಕ್ಕಾಲು ಎಂದು. ಅರ್ಧ ಮೊದಲು, ಕಾಲು ಆಮೇಲೆ ಎಂದರೆ ಬರೆದವರಿಗೆ ಶಿಸ್ತಿಲ್ಲ ಎಂದರ್ಥ. ಕೆಂಪು ಪೆನ್ನಿನಲ್ಲಿ ಎರಡನ್ನೂ ಅದಲುಬದಲು ಮಾಡಿ, ಆ ದಿನ ತೃಪ್ತಿಯಿಂದ ಮನೆಗೆ ಹೋಗಿದ್ದರು.

"ಪುಸ್ತಕ ತಪ್ಪು," ಎಂದರು ಒತ್ತಕ್ಷರ.

ಅಧಿಕಾರಿಯ ಮುಖ ಕೆಂಪಾಯಿತು. "ಯಾವ ಪುಸ್ತಕ? ನಂದಾ? ಮೂರು ನಿಘಂಟು ಪಕ್ಕದಲ್ಲಿಟ್ಕೊಂಡು ಬರೆದಿದ್ದು ಅದು."

"ನೀವು ಸರಿಯಾಗೇ ಬರೆದಿದ್ರಿ. ತಿದ್ದಿದ್ದು ನಾನು."

"ಕೇಳಿದ್ರಾ," ಎಂದು ಭಾವ ಬದುವಿನವರ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ, ತಿದ್ದಿದ್ದೇ ಇವರು ಅಂತ."

"ಹಾಗಲ್ಲ ಭಾವ. ನಾನು ತಿದ್ದಿ ಕೆಡಿಸಿದೆ."

"ದೊಡ್ಡವರು ಮಾತಾಡೋದೇ ಹಂಗೆ," ಎಂದರು ನಿಧಾನದವರಲ್ಲಿ ಹಿರಿಯರೊಬ್ಬರು. ಜೋರಿನವರು ಹೌದು ಹೌದು ಎಂದರು.

"ಸ್ವಾಮಿ, ನಾನು ಈ ಯಂತ್ರ ನೋಡ್ತಿರೋದೇ ಇವತ್ತು."

"ಇಷ್ಟು ಕೆಟ್ಟ ಸ್ಥಿತೀಲಿ ನೋಡ್ತಿರೋದು ಇವತ್ತು ಅಂತ," ಎಂದು ಭಾವ ಎಲ್ಲರಿಗೂ ಬಿಡಿಸಿ ಹೇಳಿದರು.

ಒತ್ತಕ್ಷರ ಚೀಲದಿಂದ ಕೆಂಪು ಪೆನ್ನು ತೆಗೆದು ಎತ್ತಿ ಹಿಡಿದರು. "ನನ್ನ ಹತ್ರ ಇರೋ ಹತಾರ ಇದೊಂದೇ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದೋನು. ಪುಸ್ತಕ ತಿದ್ದಿದೆ, ಯಂತ್ರ ಅಲ್ಲ. ಈ ಕಾಲು, ಈ ಅರ್ಧ, ಎರಡನ್ನೂ ಅದಲುಬದಲು ಮಾಡಿದ್ದು ಇದೇ ಪೆನ್ನು. ನಿಮ್ಮ ಗೋಧಿ ಎರಡು ದಿನದಿಂದ ನುಚ್ಚಾಗ್ತಿರೋದು ನನ್ನಿಂದ."

ಇಷ್ಟು ಹೇಳಿದ ಮೇಲೆ ತಪ್ಪು ತಿಳಿಯಲು ಯಾರಿಗೂ ಜಾಗ ಉಳಿಯಲಿಲ್ಲ. ಭಾವನ ಬಾಯಿ ತೆರೆದದ್ದು ತೆರೆದೇ ಇತ್ತು. ಪಡುವಣದಲ್ಲಿ ಮೋಡದ ಅಂಚು ಕಾಣುತ್ತಿತ್ತು.

ಮೊದಲು ಅಲುಗಿದವರು ಡ್ರೈವರಮ್ಮ. ಅವರು ಒತ್ತಕ್ಷರದ ಕೈಗೆ ಸ್ಪಾನರ್ ಕೊಟ್ಟರು. "ಮಾತು ಸಾಕು. ಮೋಡ ಬರ್ತಿದೆ. ನಾನು ಆ ಕಡೆ ಹಿಡೀತೀನಿ, ನೀವು ಈ ಕಡೆ ಸಡಿಲ ಮಾಡಿ. ಎಡಕ್ಕೆ. ಅದು ಬಲ."

ಒಂದು ಗಂಟೆ ಒತ್ತಕ್ಷರ ಯಂತ್ರದ ಪಕ್ಕೆಯೊಳಗೆ ಸೊಂಟದವರೆಗೆ ಹೊಕ್ಕಿದ್ದರು. ಹೊರಗಿನವರಿಗೆ ಕಾಣುತ್ತಿದ್ದುದು ಅವರ ಪ್ಯಾಂಟು, ಚಪ್ಪಲಿ ಮಾತ್ರ. ಅಳತೆಪಟ್ಟಿ ಆ ಸಂದಿಗೆ ಹೋಗಲಿಲ್ಲವಾದ್ದರಿಂದ ಕೆಂಪು ಪೆನ್ನನ್ನೇ ತೂರಿಸಿ ಅಳೆದರು. ಪೆನ್ನು ಸರಿಯಾಗಿ ಕಾಲಂಗುಲ ದಪ್ಪವಿತ್ತು. ಹಿಂದೆ ಒಂದು ಪೆನ್ನು. ಮುಂದೆ ಅದರ ಜೊತೆಗೆ ಅಧಿಕಾರಿಯ ಜೇಬಿನಿಂದ ಕಿತ್ತುಕೊಂಡ ಇನ್ನೊಂದು. ಸರ್ಕಾರಿ ಪೆನ್ನು ಹಿಂತಿರುಗುವಾಗ ಗ್ರೀಸಿನಲ್ಲಿ ಮುಳುಗೆದ್ದಿತ್ತು. ಅಧಿಕಾರಿ ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು. ಅವರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು: ಇಲಾಖೆ ಈ ಪುಸ್ತಕವನ್ನು ಎಷ್ಟು ಜನಕ್ಕೆ ಹಂಚಿದೆ ಎಂಬುದು.

ಯಂತ್ರ ಹೊರಟಿತು. ಐವತ್ತು ಗಜ ಹೋಗಿ ನಿಂತಿತು. ಭಾವ ಓಡಿಹೋಗಿ ತೊಟ್ಟಿಗೆ ಕೈ ಹಾಕಿ ಒಂದು ಬೊಗಸೆ ಗೋಧಿ ತೆಗೆದು ಬಿಸಿಲಿಗೆ ಹಿಡಿದರು. ಕಾಳು ಇಡಿಯಾಗಿತ್ತು. ಹಿಂದೆ ಬಿದ್ದ ಹುಲ್ಲನ್ನು ನಿಧಾನದವರೂ ಜೋರಿನವರೂ ಮೊಣಕಾಲೂರಿ ಕೆದಕಿದರು. ಒಂದು ತೆನೆಯಲ್ಲೂ ಕಾಳು ಉಳಿದಿರಲಿಲ್ಲ. ಡ್ರಮ್ಮಿನ ವೇಗವನ್ನು ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಸೋತವರು ಯಾರೂ ಇಲ್ಲ ಎಂದು ಎರಡೂ ಪಂಗಡ ಒಪ್ಪಿಕೊಂಡವು.

ಭಾವ ಒತ್ತಕ್ಷರವನ್ನು ಯಂತ್ರದ ಮರೆಗೆ ಕರೆದೊಯ್ದರು. ಬೈಗುಳಕ್ಕೆ ಸಿದ್ಧರಾಗಿ ಒತ್ತಕ್ಷರ ಕನ್ನಡಕ ತೆಗೆದು ಜೇಬಿಗಿಟ್ಟರು.

"ನಾನು ಸುತ್ತ ಊರಿಗೆಲ್ಲ ತಜ್ಞರು ಅಂತ ಹೇಳಿಬಿಟ್ಟಿದೀನಿ," ಎಂದರು ಭಾವ. "ಇನ್ನು ಹಿಂದಕ್ಕೆ ತಗೊಳ್ಳೋಕಾಗಲ್ಲ. ನೀವು ದಯವಿಟ್ಟು ಬಾಯಿ ಮುಚ್ಕೊಂಡು ತಜ್ಞರಾಗೇ ಇರಿ."

"ಸುಳ್ಳಾಗಲ್ವಾ?"

"ಕೈ ನೋಡ್ಕೊಳ್ಳಿ," ಎಂದರು ಭಾವ. ಒತ್ತಕ್ಷರದ ಕೈ ಮೊಣಕೈವರೆಗೆ ಕಪ್ಪಾಗಿತ್ತು, ಎರಡು ಗೆಣ್ಣು ತರಚಿ ರಕ್ತ ಒಸರಿತ್ತು. "ಇದಕ್ಕಿಂತ ಹೆಚ್ಚು ನಾನು ಯಾರನ್ನೂ ಕೇಳಲ್ಲ."

ಮಂಗಳವಾರ ಸಂಜೆಗೆ ಮೂವತ್ತು ಎಕರೆ ಮುಗಿದು ಯಂತ್ರ ಪಕ್ಕದ ಹೊಲಕ್ಕೆ ದಾಟಿತು. ಬುಧವಾರ ಮಳೆ ಬಂತು, ಆದರೆ ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಅಲ್ಲಿಯೂ ಮುಕ್ಕಾಲು ಪಾಲು ಕೊಯ್ಲಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಒತ್ತಕ್ಷರ ಸುಖವಾಗಿರುತ್ತಿದ್ದರು. ಗುರುವಾರ ಅಧಿಕಾರಿ ಜೀಪು ತಂದು ಅಚ್ಚುಕೂಟದ ಮುಂದೆ ನಿಲ್ಲಿಸಿದರು. ಪುಸ್ತಕದ ಪ್ರತಿ ಪಡೆದವರ ಪಟ್ಟಿ ಅವರ ಕೈಯಲ್ಲಿತ್ತು. ಮೇಲಿನವರಿಗೆ ಮುದ್ರಾರಾಕ್ಷಸನ ಹಾವಳಿ ಎಂದು ವರದಿ ಬರೆದಿದ್ದೇನೆ ಎಂದರು.

"ಆ ರಾಕ್ಷಸ ನಾನೇ," ಎಂದರು ಒತ್ತಕ್ಷರ.

"ಗೊತ್ತು. ಅದಕ್ಕೇ ಕರ್ಕೊಂಡು ಹೋಗೋಕೆ ಬಂದಿದೀನಿ. ಹತ್ತಿ."

ಮೂರು ವಾರ ಇಬ್ಬರೂ ಊರೂರು ತಿರುಗಿದರು. ಪ್ರತಿ ಮನೆಯಲ್ಲೂ ಪುಸ್ತಕ ಕೇಳಿ ತರಿಸಿ, ಇಪ್ಪತ್ಮೂರನೇ ಪುಟದ ಆರನೇ ಸಾಲನ್ನು ಕೈಯಲ್ಲೇ ತಿದ್ದುವುದೆಂದು ಯೋಜನೆ. ಮೊದಲ ಮನೆಯಲ್ಲಿ ಪುಸ್ತಕ ಮೇಜಿನ ಕುಂಟುಕಾಲಿಗೆ ಆಸರೆಯಾಗಿತ್ತು. ಎರಡನೆಯದರಲ್ಲಿ ಅದನ್ನು ಕಟ್ಟು ಬಿಚ್ಚದೆ ಕಪಾಟಿನಲ್ಲಿಟ್ಟಿದ್ದರು. ಒಬ್ಬರು ಮುಖಪುಟವನ್ನು ಗೋಡೆಗೆ ಅಂಟಿಸಿ ಉಳಿದದ್ದರಲ್ಲಿ ಬೀಜ ಕಟ್ಟಿಟ್ಟಿದ್ದರು. ಒಬ್ಬ ಮುದುಕರಂತೂ, ಪುಸ್ತಕ ಎಂದೊಡನೆ, "ನಾನೇನೂ ಮಾಡಿಲ್ಲ ಸ್ವಾಮಿ, ಅದನ್ನ ಮುಟ್ಟೂ ಇಲ್ಲ," ಎಂದು ಪ್ರಮಾಣ ಮಾಡಿದರು. ಯಾರ ಯಂತ್ರವೂ ಕೆಟ್ಟಿರಲಿಲ್ಲ, ಯಾರ ಗೋಧಿಯೂ ಒಡೆದಿರಲಿಲ್ಲ.

ಮರಳುವ ದಾರಿಯಲ್ಲಿ ಅಧಿಕಾರಿ ಪಟ್ಟಿಯನ್ನು ಜೀಪಿನ ಹಿಂಬದಿಗೆ ಎಸೆದರು.

"ಒಬ್ಬರೂ ಓದಿಲ್ಲ," ಎಂದರು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು."

"ಹೌದು," ಎಂದರು ಒತ್ತಕ್ಷರ. ಆದರೆ ಇಬ್ಬರ ಮುಖದಲ್ಲೂ ಒಳ್ಳೆಯದಾದ ಕಳೆ ಇರಲಿಲ್ಲ.

ಇಡೀ ಸೀಮೆಯಲ್ಲಿ ಆ ಪುಸ್ತಕವನ್ನು ಓದಿದವರು ಡ್ರೈವರಮ್ಮ ಒಬ್ಬರೇ. ಎರಡನೇ ಮುದ್ರಣ ಎಂದು ತೀರ್ಮಾನವಾದಾಗ ಒತ್ತಕ್ಷರ ಕರಡನ್ನು ಬಗಲಲ್ಲಿಟ್ಟುಕೊಂಡು ಅವರ ಯಂತ್ರ ನಿಲ್ಲುವ ಕೊಟ್ಟಿಗೆಗೆ ತಾವಾಗಿಯೇ ಹೋದರು. ಅಚ್ಚಿಗೆ ಮೊದಲು ಬೇರೆಯವರಿಗೆ ಕರಡು ತೋರಿಸಿದ್ದು ಅವರ ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಡ್ರೈವರಮ್ಮ ಏಣಿಯ ಮೇಲೆ ಕೂತು, ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದು ಬೆಳಗು ಪೂರ್ತಿ ಓದಿದರು. ಮೂವತ್ತೊಂದನೇ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು.

"ಇಲ್ಲಿ 'ಹಲ್ಲು ಕುಲುಕುವ ಹಲಗೆ' ಅಂತಿದೆ. ಹುಲ್ಲು ಇರಬೇಕಲ್ಲವಾ? ಹೋದ ಸಲನೂ ಹಿಂಗೇ ಇತ್ತು."

ಒತ್ತಕ್ಷರ ಬಗ್ಗಿ ನೋಡಿದರು. ನಾಲ್ಕು ಸಲ ಓದಿದ ಪುಟ. ಅವರ ಕಿವಿ ಬಿಸಿಯಾಯಿತು. "ಹೋದ ಸಲನೇ ನೋಡಿದ್ರಾ? ಮತ್ತೆ ಹೇಳ್ಲಿಲ್ಲ."

"ತಪ್ಪು ಅಂತ ಹೊಳೀಲಿಲ್ಲ. ಅಂಥದೂ ಒಂದು ಭಾಗ ಇದ್ದೀತು ಅಂದ್ಕೊಂಡು ಎರಡು ದಿನ ಯಂತ್ರದ ಒಳಗೆಲ್ಲ ಹುಡುಕಿದೆ. ಮೂಲೆ ಮೂಲೆ ಬಿಚ್ಚಿದೆ."

"ಸಿಗಲಿಲ್ಲ ಪಾಪ."

"ಹಲ್ಲು ಸಿಗಲಿಲ್ಲ. ಹುಡುಕೋವಾಗ ಜರಡಿ ಹಿಂದೆ ಎರಡು ಸಡಿಲ ಬೋಲ್ಟು ಸಿಕ್ಕವು, ಬಿರುಕು ಬಿಟ್ಟ ಒಂದು ಪಟ್ಟಿ ಸಿಕ್ತು. ಅವು ಹಾಗೇ ಇದ್ದಿದ್ರೆ ನಡುಹೊಲದಲ್ಲಿ ಯಂತ್ರ ಒಡೆದುಹೋಗ್ತಿತ್ತು." ಅವರು ಪುಟ ತಿರುವಿದರು. "ನನ್ನ ಕೇಳಿದರೆ ಆ ತಪ್ಪು ಅಲ್ಲೇ ಇರಲಿ. ಓದಿದವರು ಒಂದು ಸಲ ಒಳಗೆಲ್ಲ ನೋಡ್ತಾರೆ."

ಒತ್ತಕ್ಷರ ಕೆಂಪು ಪೆನ್ನಿನ ಮೊನೆಯನ್ನು ಆ ಪದದವರೆಗೆ ತಂದು ನಿಲ್ಲಿಸಿದರು. ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಯಿತು. ಕೊನೆಗೆ ಅವರು ಆ ಪುಟವನ್ನು ಮುಟ್ಟದೆ, ಓದಿ ಮುಗಿಸಿದ ಪುಟಗಳ ಕಟ್ಟಿಗೆ ಸೇರಿಸಿ, ಮೂವತ್ತೆರಡನೆಯದನ್ನು ಡ್ರೈವರಮ್ಮನ ಕೈಗೆ ಕೊಟ್ಟರು.